ಟೇಪಮ್ಮನ ಕಪಾಟುಗಳು

ನನ್ನ ಅತ್ತಿಗೆ ಬಿಟ್ಟುಕೊಡುವ ಹೆಂಗಸಲ್ಲ. ಮಾತಿನಲ್ಲಿ ಸೋಲುವುದಾಗಲಿ, ತಪ್ಪು ಒಪ್ಪಿಕೊಳ್ಳುವುದಾಗಲಿ ಅವಳ ಜಾಯಮಾನದಲ್ಲೇ ಇಲ್ಲ. ದೂರು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕೆಲವರಿಗೆ ಮೂಗು ಉದ್ದ, ಕೆಲವರಿಗೆ ಕಾಲು ಸೊಟ್ಟ, ಇವಳಿಗೆ ಇದು.

ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅಣ್ಣನ ಹೆಂಡತಿಯಾದ್ದರಿಂದ ಅತ್ತಿಗೆ. ಕಸುಬು ಹೊಲಿಗೆ. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಮೆಷಿನ್ನು, ಕತ್ತರಿಸುವ ಉದ್ದ ಮೇಜು, ಇಸ್ತ್ರಿಗೆ ಇನ್ನೊಂದು ಮೇಜು, ಪರದೆ ಕಟ್ಟಿದ ಒಂದು ಮೂಲೆ. ಅಳತೆಯ ಟೇಪು ಸದಾ ಕೊರಳಲ್ಲಿ ಇರುವುದರಿಂದ ಬೀದಿಯವರಿಗೆಲ್ಲ ಅವಳು ಟೇಪಮ್ಮ. ಮಲಗುವಾಗಲಾದರೂ ಅದನ್ನು ತೆಗೆಯುತ್ತಾಳೆಯೇ ಎಂದು ಒಮ್ಮೆ ಅಣ್ಣನನ್ನು ಕೇಳಿದ್ದೆ. "ತೆಗೀತಾಳೆ, ದಿಂಬಿನ ಅಳತೆ ತಗೊಂಡ ಮೇಲೆ" ಅಂದಿದ್ದ.

ಬ್ಯಾಂಕಿನ ಗುಮಾಸ್ತನೊಬ್ಬ ಹೊಸ ಪ್ಯಾಂಟು ಸೊಂಟಕ್ಕೆ ಹತ್ತುತ್ತಿಲ್ಲವೆಂದು ವಾಪಸು ತಂದಾಗ ನಾನು ಅಲ್ಲಿಯೇ ಇದ್ದೆ. ಅತ್ತಿಗೆ ಮೊದಲು ಪ್ಯಾಂಟನ್ನು ಅಳೆದಳು, ಆಮೇಲೆ ಅವನನ್ನು ಅಳೆದಳು.

"ಪ್ಯಾಂಟು ಸರಿಯಾಗಿದೆ. ನೀವೇ ಹೆಚ್ಚಾಗಿದ್ದೀರಿ."

"ಅಳತೆ ಕೊಟ್ಟು ಹೋಗಿದ್ದು ಮೊನ್ನೆ ಮೊನ್ನೆ ಅಲ್ವೇನಮ್ಮ?"

"ಅವತ್ತು ಹೊಟ್ಟೆ ಒಳಗೆ ಎಳಕೊಂಡು ನಿಂತಿದ್ದಿರಿ. ನಾನು ನೋಡಿಯೂ ಸುಮ್ಮನಿದ್ದೆ. ಹೋಗಲಿ, ಪರದೆ ಹಿಂದೆ ಬಿಚ್ಚಿಡಿ, ಸ್ವಲ್ಪ ಬಿಡಿಸಿ ಕೊಡ್ತೀನಿ. ಆದ್ರೆ ತಪ್ಪು ಪ್ಯಾಂಟಿನದಲ್ಲ ಅಂತ ನೆನಪಿರಲಿ."

ಗುಮಾಸ್ತ ಪರದೆಯ ಹಿಂದಕ್ಕೆ ಹೋದ. ಅವನು ಈಗಲೂ ಅಲ್ಲಿಗೇ ಬರುತ್ತಾನೆ. ಎಲ್ಲರೂ ಬರುತ್ತಾರೆ. ಟೇಪಮ್ಮನ ಹೊಲಿಗೆ ಬಿಚ್ಚಿಕೊಂಡದ್ದನ್ನು ಆ ಬೀದಿ ಕಂಡಿಲ್ಲ.

ಅಣ್ಣ ಇದಕ್ಕೆ ತದ್ವಿರುದ್ಧ. ಬಸ್ಸು ಓಡಿಸಿಕೊಂಡಿದ್ದವನು, ಹಾರ್ನು ಕಡಿಮೆ, ಬ್ರೇಕು ಹೆಚ್ಚು. ನಿವೃತ್ತನಾದ ಮೇಲೆ ಕೆಲವು ಕಾಲ ಕಿಟಕಿಯಲ್ಲಿ ಕುಳಿತು ಹೋಗಿ ಬರುವ ಗಾಡಿಗಳ ತಪ್ಪು ಹುಡುಕಿದ. ಅದೂ ಬೇಸರವಾಗಿ, ಒಂದು ದಿನ ಅಡುಗೆಮನೆಗೆ ನುಗ್ಗಿದ. ಅಲ್ಲಿಯವರೆಗೆ ಆ ಮನೆಯ ಅಡುಗೆ ಅತ್ತಿಗೆಯದು. ಅವಳ ಅಡುಗೆಯ ಬಗ್ಗೆ ಹೇಳಬಹುದಾದದ್ದು ಒಂದೇ: ಬೆಂದಿರುತ್ತಿತ್ತು. ಬಟ್ಟೆಗೆ ಕೊಡುವ ಗಮನದಲ್ಲಿ ಹತ್ತರಲ್ಲೊಂದು ಪಾಲನ್ನೂ ಅವಳು ಪಾತ್ರೆಗೆ ಕೊಟ್ಟವಳಲ್ಲ. ಅಣ್ಣನ ಕೈಯಲ್ಲಿ ಅದೇ ಒಲೆ ಬೇರೆಯಾಯಿತು. ಈರುಳ್ಳಿಯನ್ನು ಅವಸರವಿಲ್ಲದೆ ಹುರಿದ. ರುಚಿ ನೋಡಿದ, ತಲೆ ತೂಗಿದ, ಪಾತ್ರೆಗಳ ಜೊತೆ ಮಾತಾಡಿದ. ಆ ಮನೆಯಲ್ಲಿ ಊಟಕ್ಕೆ ಕುಳಿತವರು ಇನ್ನೊಂದು ಸಲ ಬಡಿಸಿಕೊಂಡದ್ದನ್ನು ನಾನು ಕಂಡದ್ದು ಆಗಲೇ. ಬಡಿಸಿಕೊಂಡವರಲ್ಲಿ ಅತ್ತಿಗೆಯೂ ಒಬ್ಬಳು. ಹೇಗಿದೆ ಎಂದು ಅವನು ಕೇಳಿದರೆ "ತಿನ್ನಬಹುದು" ಎನ್ನುವಳು. ಕೊನೆಗೆ, ಬೆಳಗಿನ ಅಡುಗೆ ತನ್ನದು, ಸಂಜೆಯದು ಅವನದು ಎಂದು ತೀರ್ಮಾನ ಕೊಟ್ಟಳು.

"ಅಂತೂ ನನಗೂ ಒಂದು ರೂಟು ಸಿಕ್ತು ಪುಟ್ಟೀ" ಎಂದು ಅಣ್ಣ ಅಂದು ನನಗೆ ಫೋನು ಮಾಡಿದ. ಅವನ ಧ್ವನಿ ಅಷ್ಟು ಗೆಲುವಾಗಿದ್ದದ್ದು ಕೆಲಸ ಬಿಟ್ಟ ಮೇಲೆ ಅದೇ ಮೊದಲು.

ಆ ಅಡುಗೆಮನೆ ರೈಲುಡಬ್ಬಿಯಂತೆ ಉದ್ದ, ಕಿರಿದು. ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ಗಲ್ಲಿಯ ಕಡೆ ತೆರೆಯುವ ಕಿಟಕಿ, ಕಿಟಕಿಯ ಮಗ್ಗುಲಲ್ಲಿ ಗ್ಯಾಸಿನ ಒಲೆ. ಎರಡು ಗೋಡೆಗೂ ಬಿಳಿ ಬಣ್ಣದ ಮರದ ಕಪಾಟುಗಳು. ಗೋಡೆ ಕಟ್ಟಿದವನು ನೇರವಾದದ್ದನ್ನು ಜನ್ಮದಲ್ಲಿ ಕಂಡವನಲ್ಲ. ಹಾಗಾಗಿ ಅಂದಿನ ಬಡಗಿ ಕಪಾಟಿನ ಒಂದೊಂದು ಬಾಗಿಲನ್ನೂ ಅದರದರ ಸೊಟ್ಟಕ್ಕೆ ತಕ್ಕ ಹಾಗೆ ಅಂಚು ತುರಿದು ಕೂಡಿಸಿದ್ದ. ನೋಡಿದರೆ ಎಲ್ಲ ಒಂದೇ ತರಹ. ಅಳೆದರೆ ಯಾವೆರಡೂ ಒಂದಲ್ಲ.

ಬೆಂಕಿ ಹತ್ತಿದ ಸಂಜೆ ಅಣ್ಣ ಆಲೂಗಡ್ಡೆ ಕರಿಯಲೆಂದು ಬಾಣಲೆಗೆ ಎಣ್ಣೆ ಹಾಕಿ ಒಲೆ ಹಚ್ಚಿದ್ದ. ಗಲ್ಲಿಯಲ್ಲಿ ಯಾರೋ ಕಾರನ್ನು ಹಿಂದಕ್ಕೆ ತೆಗೆಯಲಾರದೆ ಒದ್ದಾಡುವ ಸದ್ದು ಕೇಳಿಸಿತು. ಆಯುಷ್ಯವೆಲ್ಲ ಬಸ್ಸು ತಿರುಗಿಸಿದವನು ಅದನ್ನು ಕೇಳಿಯೂ ಸುಮ್ಮನಿರುವುದುಂಟೇ? ಕಿಟಕಿ ತೆರೆದು, ತಲೆ ಹೊರಗೆ ಹಾಕಿ, "ಬಲಕ್ಕೆ, ಬಲಕ್ಕೆ, ಬರಲಿ, ಇನ್ನೂ ಬರಲಿ" ಎಂದು ದಾರಿ ಹೇಳತೊಡಗಿದ. ಕಾರು ಒಂದು ಗೀರೂ ಆಗದೆ ಹೊರಬಂತು. ಅವನು ಹಿಂದಿರುಗಿ ನೋಡಿದರೆ ಬಾಣಲೆ ಉರಿಯುತ್ತಿತ್ತು. ಅವನು ನಮಗೆ ಹೇಳಿದ್ದು ಇಷ್ಟೇ.

ನೀರು ಎರಚಲಿಲ್ಲ, ಕೂಗಾಡಲಿಲ್ಲ. ಗ್ಯಾಸು ತಿರುವಿ, ದೊಡ್ಡ ಮುಚ್ಚಳವೊಂದನ್ನು ಬಾಣಲೆಯ ಮೇಲೆ ಜಾರಿಸಿದ. ಬೆಂಕಿ ಆರಿತು. ಆದರೆ ಅಷ್ಟರಲ್ಲೇ ಒಲೆಯ ಮೇಲಿನ ಎರಡು ಕಪಾಟುಗಳ ಬಾಗಿಲು ಸುಟ್ಟು, ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಉಳಿದ ಕಪಾಟು, ಗೋಡೆ, ಸೂರು ಎಲ್ಲಕ್ಕೂ ಎಣ್ಣೆಮಸಿ ಮೆತ್ತಿಕೊಂಡಿತ್ತು.

ವಾಸನೆಗೆ ಅತ್ತಿಗೆ ಓಡಿ ಬಂದಳು. ಬಾಯಲ್ಲಿ ಗುಂಡುಸೂಜಿಗಳು. ಅವನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡಳು, ಅಣ್ಣನ ಎರಡು ಕೈಯನ್ನೂ ಮಗುಚಿ ಮಗುಚಿ ನೋಡಿದಳು. ಎಲ್ಲೂ ಸುಟ್ಟಿರಲಿಲ್ಲ. ಅದು ಖಾತ್ರಿಯಾದ ಮೇಲೆಯೇ ಬಾಯಿ ತೆರೆದದ್ದು.

"ಇನ್ನು ಮೇಲೆ ಈ ದಿಕ್ಕಿಗೆ ತಲೆ ಹಾಕಿ ಮಲಗಲೂಬೇಡಿ."

ಮಾರನೆಯ ಬೆಳಿಗ್ಗೆ ನಾನು ಹೋದಾಗ ಅಣ್ಣ ಹೊರಮೆಟ್ಟಿಲ ಮೇಲೆ ಕುಳಿತಿದ್ದ.

"ಲೈಸೆನ್ಸ್ ಕಿತ್ಕೊಂಡ್ರು ಪುಟ್ಟೀ" ಎಂದ. "ಅಷ್ಟು ವರ್ಷ ಗಾಡಿ ಓಡಿಸಿದೆ, ಒಂದು ಸಲವೂ ರದ್ದಾಗಿರಲಿಲ್ಲ."

"ಹೋಗಲಿ ಬಿಡು. ಕೂತು ತಿನ್ನು."

"ಅದೇ ಆಗಲ್ಲ. ಕೂತು ಕೂತು ನೋಡಿದ್ದೀನಲ್ಲ. ಸಂಜೆ ಆ ಒಲೆ ಮುಂದೆ ನಿಂತ್ರೆ ಇವತ್ತು ಡ್ಯೂಟಿ ಇದೆ ಅನ್ಸುತ್ತೆ. ಅದೂ ಹೋದ್ರೆ ಏನು ಮಾಡಲಿ? ನೀನಾದ್ರೂ ಅವಳಿಗೊಂದು ಮಾತು ಹೇಳು. ಓದಿದವಳು."

ಹೇಳಿದೆ. ಅತ್ತಿಗೆ ಮೆಷಿನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಪ್ರೊಫೆಸರಮ್ಮ, ನಿಮ್ಮ ಕಾಲೇಜಿಗೆ ಬೆಂಕಿ ಹಚ್ಚಿದೋರನ್ನ ನೀವು ಪಾಸ್ ಮಾಡ್ತಿದ್ರಾ?"

ನಾನು ಮೆಟ್ಟಿಲಿಗೆ ಹಿಂದಿರುಗಿ ಅಣ್ಣನ ಪಕ್ಕ ಕುಳಿತೆ.

ಬಡಗಿಯನ್ನು ಕರೆಸಿದರು. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ, ಮಾತಿಗೆ ಬರವಿಲ್ಲದ ಮನುಷ್ಯ. ಒಳಗೆ ಬಂದು ಸುತ್ತ ಕಣ್ಣಾಡಿಸಿ, ಒಂದು ಬಾಗಿಲನ್ನು ಬೆರಳಿನಿಂದ ಕುಟ್ಟಿ, "ಎಲ್ಲ ಕಿತ್ತು ಬಿಸಾಕಿ ಅಕ್ಕ. ಹೊಸದು ಹಾಕೋಣ. ಮಸಿ ಒರೆಸಿದ್ರೆ ಹೋಗುವಂಥ ಬಣ್ಣ ಬಂದಿದೆ ಈಗ" ಎಂದ.

"ಇದನ್ನ ಮಾಡಿದ್ದು ಯಾರು ಗೊತ್ತಾ?"

"ಗೊತ್ತಿಲ್ದೆ ಏನು, ನಮ್ಮಪ್ಪ. ಅದಕ್ಕೇ ಹೇಳ್ತಾ ಇರೋದು, ಬಿಸಾಕಿ."

"ನಿಮ್ಮಪ್ಪ ಮಾಡಿದ್ದರಲ್ಲಿ ನಾನು ಇನ್ನೂ ಇಟ್ಕೊಂಡಿರೋದು ಇದು. ಅವರು ಬಿಸಾಕಬೇಕಾಗಿದ್ದು ಬೇರೆ ಏನೋ ಇತ್ತು, ಬಿಸಾಕಲಿಲ್ಲ, ಕಸುಬು ಕಲಿಸಿದ್ರು."

ಬಡಗಿ ನಕ್ಕುಬಿಟ್ಟ. ಅವನ ಮದುವೆಯ ಕೋಟು ಹೊಲಿದವಳು ಇವಳೇ. ಅಂದೂ ಹೀಗೇ ಮಾತು ಕೇಳಿಸಿಕೊಂಡಿದ್ದನಂತೆ. ಪೂರ್ತಿ ಸುಟ್ಟ ಒಂದು ಬಾಗಿಲನ್ನು ಹೊಸದಾಗಿ ಮಾಡಿಕೊಡುವುದು, ಉಳಿದದ್ದನ್ನೆಲ್ಲ ತೊಳೆದು ಉಳಿಸುವುದು ಎಂದಾಯಿತು. ತೊಳೆಯುವವರು ಮನೆಯವರೇ.

ತೊಳೆಯುವ ದಿನ ನಾನೂ ಬಡಗಿಯೂ ಬರುವ ಮೊದಲೇ ಅತ್ತಿಗೆ ಒಂದು ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದ್ದಳು. ಎಣ್ಣೆಮಸಿಗೆ ಮೊದಲೇ ನೀರು ತಾಗಿಸಿದರೆ ಅದು ಹೋಗುವುದಿಲ್ಲ, ಹರಡುತ್ತದೆ. ಆ ಬಾಗಿಲು ಮೋಡ ಕವಿದ ಹಾಗೆ ಕಪ್ಪಾಗಿ ನಿಂತಿತ್ತು.

"ಇದೇನಕ್ಕ ಇದು?" ಎಂದ ಬಡಗಿ.

"ಮೊದಲು ಮಚ್ಚೆ ಮಚ್ಚೆ ಇತ್ತು. ಈಗ ಎಲ್ಲ ಕಡೆ ಒಂದೇ ಬಣ್ಣ ಬಂತಲ್ಲ."

ಸೋತೆ ಎಂದು ಹೇಳಲಿಲ್ಲ, ಆದರೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದಳು. ಬರುವಾಗ ಒಂದು ಚೀಲದ ತುಂಬ ಕೋಟಿನ ಭುಜಕ್ಕೆ ಹಾಕುವ ಸ್ಪಂಜಿನ ಪ್ಯಾಡುಗಳನ್ನು ತಂದಳು. ಈಗ ಯಾರೂ ಅಂಥ ಭುಜ ಹಾಕಿಸುವುದಿಲ್ಲ, ಅವಳೂ ಎಸೆದಿರಲಿಲ್ಲ. ಒಣ ಸ್ಪಂಜನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದರೆ ಮಸಿ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಒಂದು ಮಗ್ಗುಲು ಕಪ್ಪಾದರೆ ಇನ್ನೊಂದು, ಅದೂ ಆದರೆ ಇನ್ನೊಂದು ಪ್ಯಾಡು. ಉಜ್ಜಬಾರದು, ಎಳೆಯಬೇಕು. ನಾವು ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ನಿಂತೆವು. ಅಣ್ಣನಿಗೆ ಅಡುಗೆಮನೆಯೊಳಗೆ ಬರಲು ಅಪ್ಪಣೆ ಸಿಕ್ಕಿತು, ಕೂಲಿಯವನಾಗಿ ಮಾತ್ರ.

"ಒಲೆ ಮುಟ್ಟಬೇಡಿ."

"ಒಲೆ ಮೇಲಿನ ಮಸಿ?"

"ಅದನ್ನ ಪ್ರೊಫೆಸರಮ್ಮ ತೆಗೀತಾರೆ."

ಆ ದಿನಗಳಲ್ಲಿ ಅಡುಗೆ ನಡೆದದ್ದು ಹೊಲಿಗೆ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ, ಕರೆಂಟಿನ ಒಲೆಯಲ್ಲಿ. ಮಾಡುತ್ತಿದ್ದವಳು ಅತ್ತಿಗೆ. ಬೆಂದಿರುತ್ತಿತ್ತು. ರವಿಕೆ ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳು ಅದನ್ನು ಮೂಸಿ, "ಈರುಳ್ಳಿ ವಾಸನೆ ಬರ್ತಿದೆಯಲ್ರೀ" ಎಂದರೆ, "ಉಚಿತವಾಗಿ ಸಿಕ್ಕಿದೆ, ಇಟ್ಕೊಳ್ಳಿ" ಎಂಬ ಉತ್ತರ ಬಂತು.

ಒಣಮಸಿ ಹೋದ ಮೇಲೆ ಜಿಡ್ಡು ಉಳಿಯಿತು. ಅದಕ್ಕೆ ಬಿಸಿನೀರು, ವಾಷಿಂಗ್ ಸೋಡಾ. ಬಾಗಿಲುಗಳನ್ನೆಲ್ಲ ಬಿಚ್ಚಿ ಹಿತ್ತಿಲಿಗೆ ಸಾಗಿಸಬೇಕಾಯಿತು. ಯಾವ ಬಾಗಿಲು ಯಾವ ಕಪಾಟಿನದು ಎಂಬುದು ತಪ್ಪಿದರೆ ಗತಿಯಿಲ್ಲ ಎಂದು ಬಡಗಿ ಎಚ್ಚರಿಸಿದ. ಅತ್ತಿಗೆ ಅವನ ಪೆನ್ಸಿಲನ್ನು ಪಕ್ಕಕ್ಕೆ ತಳ್ಳಿ, ತನ್ನ ಚಪ್ಪಟೆ ಸೀಮೆಸುಣ್ಣ ತೆಗೆದು, ಒಂದೊಂದು ಬಾಗಿಲಿನ ಬೆನ್ನಿಗೂ ಗುರುತು ಬರೆದಳು. ಬಟ್ಟೆಗೆ ಬರೆಯುವಂತೆಯೇ: ಎಡದ್ದಕ್ಕೆ ಒಂದು ಬಾಣ, ಬಲದ್ದಕ್ಕೆ ಒಂದು ಬಾಣ, ಮೇಲಿನದಕ್ಕೆ ಕಾಲರ್, ಕೆಳಗಿನದಕ್ಕೆ ಮಡಿಕೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಹಿತ್ತಿಲಲ್ಲಿ ಅಣ್ಣನ ಉತ್ಸಾಹ ನೋಡಬೇಕಿತ್ತು. ಪ್ಯಾಂಟು ಮಡಿಚಿ, ಬಕೆಟ್ಟುಗಳನ್ನು ಸಾಲಾಗಿಟ್ಟು, ಡಿಪೋದಲ್ಲಿ ಬಸ್ಸು ತೊಳೆದ ಹಾಗೆ ತೊಳೆದ. ಹಿಂದೆ, ಮುಂದೆ, ಅಂಚು, ಮೂಲೆ, ಒಂದನ್ನೂ ಬಿಡಲಿಲ್ಲ. ಒಳ್ಳೆಯ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣಬಟ್ಟೆ ಹಾಕಿ, ನೆರಳಿಗೆ ಒರಗಿಸಿದ. ಹಳೆಯ ಮರ ಬಣ್ಣದ ಬಿರುಕುಗಳಲ್ಲಿ ಇಣುಕಿತು. ಅತ್ತಿಗೆ ಬಂದು ಒಂದನ್ನು ತಿರುಗಿಸಿ ನೋಡಿದಳು. ಇನ್ನೊಂದನ್ನು ತಿರುಗಿಸಿದಳು. ಆಮೇಲೆ ಎಲ್ಲವನ್ನೂ ತಿರುಗಿಸಿದಳು.

"ನನ್ನ ಗುರುತೆಲ್ಲಿ?"

"ಯಾವ ಗುರುತು?"

"ಹಿಂದುಗಡೆ ಬರೆದಿದ್ನಲ್ಲ."

"ಕೊಳೆ ಅಂತ ಮಾಡಿದೆ. ಬೇಗ ಹೋಯ್ತು" ಎಂದ ಅಣ್ಣ, ಸಂತೋಷದಿಂದಲೇ.

ಬಡಗಿ ಹಿತ್ತಿಲ ಬಾಗಿಲಿನಲ್ಲಿ ನಿಂತವನು ಗೋಡೆ ಹಿಡಿದುಕೊಂಡು ನಗಲು ಶುರುಮಾಡಿದ. "ಅಕ್ಕ, ದರ್ಜಿ ಸೀಮೆಸುಣ್ಣ ತೊಳೆದ್ರೆ ಹೋಗಲ್ವಾ?"

"ಹೋಗದೆ ಇನ್ನೇನು? ಹೋಗೋಕೆ ಅಂತಲೇ ಮಾಡಿರೋದು."

"ಮತ್ತೆ ಅದರಲ್ಲೇ ಯಾಕೆ ಬರೆದ್ರಿ?"

"ಒಳ್ಳೆ ಸೀಮೆಸುಣ್ಣ ಅದು" ಎಂದಳು ಅತ್ತಿಗೆ.

ಇನ್ನು ಉಳಿದದ್ದು ಒಂದೇ ದಾರಿ, ಹಾಕಿ ನೋಡುವುದು. ಆ ಮಧ್ಯಾಹ್ನ ಕಳೆದ ರೀತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ, ಮತ್ತು ನಾನು ಸುಲಭವಾಗಿ ನಗುವವಳಲ್ಲ. ಅಣ್ಣ, ಬಡಗಿ ಇಬ್ಬರೂ ಒಂದೊಂದು ಬಾಗಿಲನ್ನು ಹೊತ್ತು ಕಪಾಟಿನಿಂದ ಕಪಾಟಿಗೆ ಹೋಗುವರು. ಅತ್ತಿಗೆ ನಡುವೆ ನಿಂತು, ಟೇಪು ಹಿಡಿದು, ಗಿರಾಕಿ ಬಟ್ಟೆ ತೊಟ್ಟು ನೋಡುವಾಗ ಹೇಳುವ ಮಾತನ್ನೇ ಹೇಳುವಳು.

"ಇದು ಕಂಕುಳಲ್ಲಿ ಹಿಡೀತಿದೆ, ತೆಗೀರಿ."

"ಇದು?"

"ಸೊಂಟ ಸಡಿಲ. ಅಲ್ಲಿ ನೋಡಿ, ಒಳಗಿಂದ ಬೆಳಕು ಕಾಣ್ತಿದೆ. ಮರ್ಯಾದಸ್ಥರು ಹಾಕ್ಕೊಳ್ಳೋ ಹಾಗಿದೆಯಾ?"

"ಇದಾದ್ರೂ ಸರಿಯಾ ಅಕ್ಕ? ಕೈ ಬಿದ್ದು ಹೋಗ್ತಿದೆ."

"ಉದ್ದ ಸರಿ ಇದೆ. ಭುಜ ಒಂದು ಕಡೆ ಇಳಿದಿದೆ. ನಿಮ್ಮಪ್ಪನ ಕಪಾಟಿಗೆ ಬೆನ್ನು ಗೂನು, ಅವರಿಗೇ ಇತ್ತಲ್ಲ."

"ಅಪ್ಪನ ಸುದ್ದಿ ಬೇಡ. ನನ್ನ ಕೋಟಿಗೂ ನೀವು ಗೂನು ಹೊಲಿದಿದ್ರಿ."

"ಕೋಟು ನೆಟ್ಟಗಿತ್ತು. ಅವತ್ತು ಹೆಣ್ಣಿನ ಕಡೆಯವರಿಗೆ ಬಗ್ಗಿದವನು ನೀನು, ಇವತ್ತಿನವರೆಗೂ ಎದ್ದಿಲ್ಲ."

ಒಂದು ಬಾಗಿಲು ಸರಿಯಾಗಿ ಕೂತು 'ಟಕ್' ಎಂದಾಗ ನಾವು ನಾಲ್ವರೂ ಒಟ್ಟಿಗೆ "ಹಾಂ" ಎನ್ನುತ್ತಿದ್ದೆವು. ಎದುರುಮನೆಯವರು ಗಲ್ಲಿಯ ಕಿಟಕಿಯಲ್ಲಿ ಬಂದು, ಒಳಗೆ ಏನು ಆಟ ನಡೆಯುತ್ತಿದೆ ಎಂದು ವಿಚಾರಿಸಿದರು. ಸಂಜೆಯಾಗುವ ಹೊತ್ತಿಗೆ ಹಳೆಯ ಬಾಗಿಲುಗಳೆಲ್ಲ ತಮ್ಮ ತಮ್ಮ ಮನೆ ಸೇರಿದವು. ಬಡಗಿ ಮಾಡಿ ತಂದ ಹೊಸ ಬಾಗಿಲು ಮೊದಲ ಸಲಕ್ಕೇ ಕೂತಿತು. ಅವನು ಕೈ ಕಟ್ಟಿ ನಿಂತು ಹೊಗಳಿಕೆಗೆ ಕಾದ.

"ಪರವಾಗಿಲ್ಲ" ಎಂದಳು ಅತ್ತಿಗೆ. "ಪರದೆ ಹಿಂದೆ ಕಳಿಸೋ ಅಗತ್ಯ ಇಲ್ಲ."

ಬಾಗಿಲಿನ ಕೀಲು ಬಿಗಿ ಮಾಡಲೆಂದು ಬಡಗಿ ಒಲೆಯ ಮೇಲಿನ ಕಪಾಟಿನ ಕೆಳಗೆ ಬಗ್ಗಿದ್ದೇ ಆಗ. ಅದರ ತಳದಲ್ಲಿ, ಕಿಟಕಿಯ ಮಗ್ಗುಲಿಗೆ, ಒಂದು ಕೊಕ್ಕೆ ಇತ್ತು. ಕೊಕ್ಕೆಯ ಬುಡದಲ್ಲಿ ಏನೋ ಗಟ್ಟಿಯಾಗಿ ಅಂಟಿಕೊಂಡಿದೆ ಎಂದು ಉಳಿಯಿಂದ ಎಬ್ಬಿಸಿದ. ಗೋಲಿಯಷ್ಟು ದಪ್ಪದ, ಹೊಳೆಯುವ, ನೇರಳೆ ಬಣ್ಣದ ಹನಿ.

"ಇದು ಎಣ್ಣೆಯಲ್ಲ" ಎಂದು ಬೆಳಕಿಗೆ ಹಿಡಿದ. "ಬಟ್ಟೆ. ಕರಗಿದೆ."

ಆ ಕೊಕ್ಕೆಯಲ್ಲಿ ಏನು ತೂಗುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತು. ಮಸಿಬಟ್ಟೆ. ಲೋಕದ ಬೇರೆಲ್ಲ ಮನೆಗಳಲ್ಲಿ ಮಸಿಬಟ್ಟೆಯೆಂದರೆ ಹಳೆಯ ಹತ್ತಿಬಟ್ಟೆ. ಈ ಮನೆಯಲ್ಲಿ ಮಾತ್ರ ಕೋಟು, ಲಂಗಗಳ ಒಳಗೆ ಕೊಡುವ ನುಣುಪಾದ ಲೈನಿಂಗಿನ ಚೂರುಗಳು. ಕತ್ತರಿಸಿ ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ಅತ್ತಿಗೆಯೇ ಅಂಚು ಮಡಿಚಿ ಹೊಲಿದು ನೇತುಹಾಕಿದ್ದಳು. ಅದು ಹತ್ತಿಯಲ್ಲ, ಶಾಖ ತಾಗಿದರೆ ಮೇಣದಂತೆ ಇಳಿಯುತ್ತದೆ. ಕೈಯಲ್ಲಿ ಜಾರುತ್ತದೆ ಎಂದು ಅಣ್ಣ ಒಮ್ಮೆ ಹೇಳಿದ್ದಕ್ಕೆ, ಜಾರುವುದು ಕೈಯ ದೋಷ ಎಂದಿದ್ದಳು.

ನಾನು ಅಣ್ಣನನ್ನು ಕೇಳಿದೆ.

"ನಿನಗೆ ಗೊತ್ತಿತ್ತಾ?"

ಅವನು ಕಾಲು ಬದಲಿಸಿ ನಿಂತ. "ಗೊತ್ತಿತ್ತು. ನಾನು ಕಿಟಕಿ ತೆಗೆದೆ, ಗಾಳಿ ಬಂತು, ಬಟ್ಟೆ ಹಾರಿ ಒಲೆಗೆ ತಾಗಿತು. ತಿರುಗಿ ನೋಡಿದಾಗ ಉರೀತಾ ಉರೀತಾ ಬಾಣಲೆಗೆ ತೊಟ್ಟಿಕ್ತಾ ಇತ್ತು. ನಾನೂ ಒಲೆ ಬಿಟ್ಟು ಹೋಗಬಾರದಿತ್ತು ಅನ್ನು."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರಿಗೆ? ಇವಳಿಗಾ?" ಎಂದ. "ಎದುರುಗಡೆಯಿಂದ ಲಾರಿ ಬಂದ್ರೆ ಬಸ್ಸಿನವನು ಪಕ್ಕಕ್ಕೆ ತಗೋಬೇಕು ಪುಟ್ಟೀ. ರೈಟು ಯಾರದು ಅಂತ ನಡುರಸ್ತೇಲಿ ನಿಂತು ಕೇಳಬಾರದು."

ಅತ್ತಿಗೆ ಬಡಗಿಯ ಕೈಯಿಂದ ಆ ಹನಿಯನ್ನು ತೆಗೆದುಕೊಂಡಳು. ಕಿಟಕಿಯ ಹತ್ತಿರ ಹೋಗಿ, ಅತ್ತ ಇತ್ತ ತಿರುಗಿಸಿ ನೋಡಿದಳು.

"ಇದು ನನ್ನ ಬಟ್ಟೆಯಲ್ಲ" ಎಂದಳು. "ನನ್ನದು ಇದಕ್ಕಿಂತ ತಿಳಿ ನೇರಳೆ."

"ಸುಟ್ಟಿದೆಯಲ್ಲ ಅಕ್ಕ, ಬಣ್ಣ ಸ್ವಲ್ಪ..." ಎಂದು ಶುರುಮಾಡಿದ ಬಡಗಿ ಅವಳ ಮುಖ ನೋಡಿ ಉಳಿದದ್ದನ್ನು ನುಂಗಿದ. ಅವಳು ಹೊಲಿಗೆ ಕೋಣೆಗೆ ಹೋಗಿ ಅದನ್ನು ಗುಂಡಿಯ ಡಬ್ಬಕ್ಕೆ ಹಾಕಿದ ಸದ್ದು ಕೇಳಿಸಿತು. ಆಮೇಲೆ ಮೆಷಿನ್ನಿನ ಸದ್ದು.

ಮರುದಿನ ನಾನು ಹೋದಾಗ ಮನೆಯಲ್ಲಿ ಲೈನಿಂಗಿನ ಮಸಿಬಟ್ಟೆ ಒಂದೂ ಇರಲಿಲ್ಲ. ದಪ್ಪ ಟವೆಲ್ಲು ಮಡಿಚಿ, ಅಡ್ಡ ಉದ್ದ ಹೊಲಿಗೆ ಹಾಕಿದ ಹೊಸ ಬಟ್ಟೆಗಳು ಅಡುಗೆಮನೆಯ ಬಾಗಿಲ ಹಿಂದೆ, ಒಲೆಯಿಂದ ದೂರದಲ್ಲಿ ತೂಗುತ್ತಿದ್ದವು. ಕಪಾಟಿನ ತಳದ ಕೊಕ್ಕೆ ಮಾಯವಾಗಿತ್ತು.

"ಹೊಸದು ಯಾಕೆ?" ಎಂದ ಅಣ್ಣ, ಮುಗ್ಧನಂತೆ.

"ಹಳೇದು ಮಾಸಿತ್ತು."

ಅಷ್ಟೇ. ರದ್ದಾದ ಲೈಸೆನ್ಸಿನ ಬಗ್ಗೆ ಒಂದು ಮಾತಿಲ್ಲ. ಅಣ್ಣನೂ ಕೇಳಲಿಲ್ಲ. ಕೆಲಸ ಮುಗಿಯುತ್ತ ಬಂದ ಹಾಗೆ ಅವನ ಮಾತು ಕಡಿಮೆಯಾಯಿತು. ಕೂಲಿಯವನಿಗಾದರೂ ಒಳಗೆ ಜಾಗವಿತ್ತು. ಕೆಲಸ ಮುಗಿದರೆ ಅದೂ ಇಲ್ಲ. ಸ್ಯಾಂಡ್ ಪೇಪರನ್ನು ಬೇಕೆಂತಲೇ ನಿಧಾನವಾಗಿ ಉಜ್ಜುತ್ತಿದ್ದ. ಸುಟ್ಟ ವಾಸನೆ ಮರದಿಂದ ಹೊರಬರದಿರಲೆಂದು ಬಡಗಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಂದು ಕೈ ಬಳಿದ. ಒಳಗೆ ಹೊರಗೆ ಎರಡೂ ಕಡೆ ಬಳಿಯಬೇಕು, ಇಲ್ಲದಿದ್ದರೆ ಬಿಸಿಲಿನ ದಿನ ವಾಸನೆ ಮತ್ತೆ ತಲೆ ಎತ್ತುತ್ತದೆ. ಅದು ಒಣಗಿದ ಮೇಲೆ ಬಣ್ಣ.

ಬಣ್ಣದ ವಿಷಯಕ್ಕೆ ಮತ್ತೆ ಮಾತು ಬಂತು. ಅತ್ತಿಗೆಗೆ ಹಿಂದಿನ ಬಿಳಿಯೇ ಬೇಕು. ಬಡಗಿ ತಿಳಿಹಸಿರು ಎಂದ. ಅಣ್ಣ ಹಳದಿ ಎಂದು ಅನ್ನಲೋ ಬೇಡವೋ ಎಂಬಂತೆ ಅಂದ. "ಹಳದಿ ಬಸ್ಸಿಗೆ" ಎಂದು ಅತ್ತಿಗೆ ಎದ್ದು ಹೋದಳು. ಅಂಗಡಿಯಿಂದ ಬಿಳಿ ಡಬ್ಬ ಹೊತ್ತು ತಂದಳು. ಮುಚ್ಚಳ ತೆಗೆದರೆ ಬಿಳಿಯಲ್ಲಿ ನಿಂಬೆಹಣ್ಣಿನ ನೆರಳಿನಷ್ಟು ಹಳದಿ ಇತ್ತು.

"ಹಳದಿ ಇದೆಯಲ್ಲ" ಎಂದೆ.

"ಬಿಳಿಯೇ. ನಿಮ್ಮ ಕನ್ನಡಕ ಬದಲಿಸಿ ಪ್ರೊಫೆಸರಮ್ಮ."

ಎರಡು ಕೈ ಬಳಿದು ಒಣಗಿದ ಮೇಲೆ ಆ ಕಿರಿದಾದ ಅಡುಗೆಮನೆ ಅಷ್ಟು ಅಗಲವಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ. ಕಿಟಕಿಯ ಬೆಳಕು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹಾರಿ ಒಳಗಿನ ತುದಿಯವರೆಗೂ ಬಂದಿತ್ತು. ಸುಟ್ಟು ಉಳಿದ ಬಾಗಿಲಿನ ಕೆಳ ಅಂಚಿನಲ್ಲಿ ಮಾತ್ರ ಬಣ್ಣದಡಿ ಒಂದು ತಗ್ಗು. ಬೆರಳಿಟ್ಟರೆ ತಿಳಿಯುತ್ತದೆ, ಕಣ್ಣಿಗೆ ಕಾಣದು. ಬಡಗಿ ಅದನ್ನು ತುಂಬಿಕೊಡುತ್ತೇನೆಂದ. "ಇರಲಿ ಬಿಡು" ಎಂದಳು ಅತ್ತಿಗೆ. ಅವನು ತನ್ನ ಸಲಕರಣೆ ಕಟ್ಟಿಕೊಂಡು ಹೊರಟ. ಹೋಗುವ ಮುನ್ನ ಎಲ್ಲ ಬಾಗಿಲುಗಳನ್ನೂ ಒಂದೊಂದು ಸಲ ತೆರೆದು ಮುಚ್ಚಿ, "ಅಪ್ಪ ಅಷ್ಟೇನೂ ಕೆಟ್ಟದಾಗಿ ಮಾಡಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಡಬ್ಬ, ಜಾಡಿಗಳನ್ನೆಲ್ಲ ತೊಳೆದು ಒಳಗೆ ಜೋಡಿಸಿದವರು ಅಣ್ಣ ಮತ್ತು ನಾನು. ಅತ್ತಿಗೆ ಯಾರದೋ ಅವಸರದ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಮುಗಿಸಿ ಬಂದವಳೇ ತಪಾಸಣೆಗೆ ನಿಂತಳು. ಒಂದೊಂದು ಬಾಗಿಲನ್ನೂ ತೆರೆದು, ಒಂದೊಂದು ಡಬ್ಬವನ್ನೂ ನೋಡಿ, ಬೇಳೆ ಇಲ್ಲಿ ಯಾಕೆ, ಎಣ್ಣೆ ಅಲ್ಲಿ ಯಾಕೆ ಎಂದು ಕೇಳಿದಳು. ಆದರೆ ಯಾವುದನ್ನೂ ಕದಲಿಸಲಿಲ್ಲ. ಅದನ್ನು ನಾನು ಗಮನಿಸಿದೆ; ಅದಕ್ಕೆ ಅರ್ಥ ಹಚ್ಚಲಿಲ್ಲ.

"ಆಯ್ತು, ಇನ್ನು ಹೊರಗೆ ಹೋಗಿ ಎಲ್ಲರೂ" ಎಂದಳು. "ಅಡುಗೆ ಮಾಡಬೇಕು."

ಸಂಜೆಯಾಗಿತ್ತು. ಸಂಜೆ ಅಣ್ಣನ ಸರದಿ. ಅವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟು, ಹೊರಗೆ ಬಂದ. ಬಾಗಿಲಿನಾಚೆ ಒಂದು ಸ್ಟೂಲಿನ ಮೇಲೆ ಕುಳಿತು, ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡ. ಖಾಲಿ ಬಸ್ಸಿನ ಪಕ್ಕ ಕುಳಿತ ಡ್ರೈವರನ ಹಾಗೆ. ನಾನು ಅವನ ಪಕ್ಕ ನಿಂತಿದ್ದೆ.

ಒಳಗೆ ಅತ್ತಿಗೆ ಒಲೆ ಹಚ್ಚಿದಳು. ಕೊರಳಿನ ಟೇಪನ್ನು ಬೆನ್ನಿನ ಕಡೆಗೆ ಎಸೆದುಕೊಂಡು ಈರುಳ್ಳಿ ಹೆಚ್ಚಿದಳು. ಬಾಣಲೆಗೆ ಹಾಕಿದಳು, ಕೈಯಾಡಿಸಿದಳು. ಆಮೇಲೆ ಕಪಾಟಿನ ಒಂದು ಬಾಗಿಲು ತೆರೆದಳು.

ನಾನು ನಿಂತಲ್ಲಿಂದ ಆ ಕಪಾಟು ಪೂರ್ತಿ ಕಾಣುತ್ತಿತ್ತು, ಸ್ಟೂಲಿನ ಮೇಲಿದ್ದ ಅಣ್ಣನಿಗೆ ಕಾಣುತ್ತಿರಲಿಲ್ಲ. ಉಪ್ಪಿನ ಜಾಡಿ ಮುಂದಿನ ಸಾಲಿನಲ್ಲಿ, ಅವಳ ಮೂಗಿನ ನೇರಕ್ಕೇ ಇತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಬಾಣಲೆಯಲ್ಲಿ ಈರುಳ್ಳಿ ಚುರುಗುಟ್ಟುತ್ತಿತ್ತು. ಅವಳು ತೋರುಬೆರಳಿನಿಂದ ಜಾಡಿಯನ್ನು ಮೆಲ್ಲಗೆ, ಸದ್ದಾಗದ ಹಾಗೆ, ಸಕ್ಕರೆ ಡಬ್ಬದ ಹಿಂದಕ್ಕೆ ತಳ್ಳಿದಳು.

"ರೀ" ಎಂದು ಕೂಗಿದಳು, ತಿರುಗಿ ನೋಡದೆ. "ಉಪ್ಪು ಎಲ್ಲಿಟ್ಟಿದ್ದೀರೋ ಏನೋ, ನನಗಂತೂ ಸಿಗ್ತಾ ಇಲ್ಲ. ನೀವೇ ಒಳಗೆ ಬಂದು ಹಾಕಿ."